ಕೆರೆಯಲ್ಲಿ ಮೀನು ಸತ್ತಾಗ ದೋಷ ಹುಡುಕುವ ಕ್ರಮ

ಬೇಸಿಗೆಯ ಕೊನೆಯಲ್ಲಿ, ಇಲ್ಲವೇ ಮೊದಲ ದೊಡ್ಡ ಮಳೆ ಬಿದ್ದ ಮರುದಿನ, ಕೆರೆಯ ಅಂಚಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುವುದು ನಮ್ಮ ಬಯಲುಸೀಮೆಯ ಊರುಗಳಿಗೂ ಬೆಂಗಳೂರಿಗೂ ಹೊಸದಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಒಮ್ಮೆಲೇ ಸತ್ತು ತೇಲಿದ್ದವು. ಇಂತಹ ಹೊತ್ತಿನಲ್ಲಿ ಏರಿಯ ಮೇಲೆ ಸೇರಿದ ಜನರ ಬಾಯಲ್ಲಿ ಮೊದಲು ಬರುವ ಮಾತು, ಯಾರೋ ನೀರಿಗೆ ವಿಷ ಹಾಕಿದ್ದಾರೆ ಎಂಬುದು. ಅಂತಹ ಪ್ರಕರಣಗಳು ನಡೆಯುತ್ತವೆ, ನಿಜ. ಆದರೆ ಕೆರೆಯೊಳಗಿನ ಜೀವಿಗಳ ಮತ್ತು ನಿರ್ಜೀವ ವಸ್ತುಗಳ ನಡುವಿನ ಕೊಡುಕೊಳೆಯಲ್ಲಿ ಒಂದು ಕೊಂಡಿ ಸಡಿಲಗೊಂಡಾಗ, ಹೊರಗಿನಿಂದ ಯಾವ ವಿಷವೂ ಬಾರದೆಯೇ ಮೀನುಗಳು ಒಂದೇ ರಾತ್ರಿಯಲ್ಲಿ ಸಾಯಬಹುದು.

ಈ ಕೈಪಿಡಿಯನ್ನು ಏಳು ಮತ್ತು ಎಂಟನೇ ತರಗತಿಯ ವಿದ್ಯಾರ್ಥಿಗಳು ತಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಬಳಸಬಹುದು. ಪಂಪ್‌ಸೆಟ್ ಕೆಟ್ಟಾಗ ಸುಟ್ಟ ಭಾಗವನ್ನು ಬಿಚ್ಚಿ ತೆಗೆದು ಹೊಸದನ್ನು ಹಾಕುತ್ತೇವೆ. ಕೆರೆಯಲ್ಲಿ ಹಾಗೆ ಮಾಡಲಾಗುವುದಿಲ್ಲ, ಏಕೆಂದರೆ ಲಕ್ಷಣ ಕಾಣಿಸುವ ಭಾಗವೂ ದೋಷವಿರುವ ಭಾಗವೂ ಇಲ್ಲಿ ಬೇರೆ ಬೇರೆಯಾಗಿರುತ್ತವೆ. ಸತ್ತದ್ದು ಮೀನು, ದೋಷವಿರುವುದು ಪಾಚಿಯಲ್ಲೋ ಹೂಳಿನಲ್ಲೋ ಮೇಲಿನ ಬಡಾವಣೆಯಿಂದ ಇಳಿದು ಬರುವ ರಾಜಕಾಲುವೆಯಲ್ಲೋ ಇರಬಹುದು. ಆದ್ದರಿಂದ ಭಾಗಗಳನ್ನು ಒಂದೊಂದಾಗಿ ದೂರುವ ಬದಲು, ಒಂದು ಭಾಗ ಇನ್ನೊಂದಕ್ಕೆ ಏನನ್ನು ಕೊಡುತ್ತದೆ ಮತ್ತು ಅದು ಯಾವ ಹೊತ್ತಿನಲ್ಲಿ ನಿಂತಿತು ಎಂದು ಕೇಳುತ್ತ ಹೋಗಬೇಕು.

ಕೆಲಸ ಆರಂಭಿಸುವ ಮುನ್ನ ಒಂದು ಎಚ್ಚರಿಕೆ. ಸತ್ತ ಮೀನನ್ನು ಬರಿಗೈಯಲ್ಲಿ ಮುಟ್ಟಬಾರದು, ನೀರಿಗೆ ಇಳಿಯಬಾರದು, ಮೇಲ್ಮೈಯಲ್ಲಿ ಹಸಿರು ಬಣ್ಣದ ಕೆನೆ ಕಟ್ಟಿದ್ದರೆ ಆ ನೀರನ್ನು ದನಕರುಗಳಿಗೆ ಕುಡಿಸಬಾರದು. ಕೆಲವು ನೀಲಿಹಸಿರು ಪಾಚಿಗಳು ತಾವೇ ವಿಷವನ್ನು ತಯಾರಿಸುತ್ತವೆ.

ಮೊದಲು ನೋಡಬೇಕಾದದ್ದು ಗಡಿಯಾರ

ಯಾವ ಹೊತ್ತಿನಲ್ಲಿ ಮೀನುಗಳು ಸತ್ತವು ಎಂಬುದು ಎಲ್ಲಕ್ಕಿಂತ ಬೆಲೆಬಾಳುವ ಸುಳಿವು. ದುಬಾರಿ ಉಪಕರಣಗಳು ಹೇಳುವುದನ್ನು ಎಷ್ಟೋ ವೇಳೆ ಇದೊಂದೇ ಹೇಳಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ನೀರುಗಂಟಿಯನ್ನೋ ಮೀನು ಹಿಡಿಯುವವರನ್ನೋ ಬೆಳಗಿನ ವಾಯುವಿಹಾರಕ್ಕೆ ಬರುವವರನ್ನೋ ಕೇಳಿ ತಿಳಿಯಿರಿ. ನಸುಕಿನಲ್ಲಿ ಮೀನುಗಳು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು, ಬಿಸಿಲು ಏರಿದಂತೆ ಬದುಕುಳಿದವು ಮತ್ತೆ ಆಳಕ್ಕೆ ಹೋದವು ಎಂದರೆ, ಆಮ್ಲಜನಕದ ಕೊರತೆಯನ್ನು ಮೊದಲ ಶಂಕಿತನಾಗಿ ಬರೆದುಕೊಳ್ಳಿ. ಮಧ್ಯಾಹ್ನ ಎರಡು ಮೂರು ಗಂಟೆಗೆ ಸಾವು ಆರಂಭವಾಗಿದ್ದರೆ, ಮೀನಿನ ವಿಸರ್ಜನೆಯಿಂದಲೂ ಕೊಳೆಯುವ ವಸ್ತುಗಳಿಂದಲೂ ನೀರಿಗೆ ಸೇರುವ ಅಮೋನಿಯಾದ ಕಡೆಗೆ ನೋಡಬೇಕು. ಹೊತ್ತಿನ ಹಂಗಿಲ್ಲದೆ, ಕಾಲುವೆ ಬಂದು ಸೇರುವ ಮೂಲೆಯಲ್ಲೇ ಸಾವು ಕಾಣಿಸಿಕೊಂಡು ಅಲ್ಲಿಂದ ಹರಡಿದ್ದರೆ ಮಾತ್ರ ಹೊರಗಿನ ವಿಷದ ಅನುಮಾನ ಗಟ್ಟಿಯಾಗುತ್ತದೆ.

ಎರಡನೆಯ ಸುಳಿವು, ಸತ್ತದ್ದು ಯಾವ ಮೀನು ಎಂಬುದು. ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಸಣ್ಣವು ಗಾಳಿಗೆ ತಾಗಿಕೊಂಡಿರುವ ತೆಳುವಾದ ನೀರಿನ ಪದರದಲ್ಲಿ ಉಸಿರಾಡಿಕೊಂಡು ಹೇಗೋ ಉಳಿಯುತ್ತವೆ. ಕಾಟ್ಲಾ ಮತ್ತು ರೋಹು ಸತ್ತು, ಗಾಳಿಯನ್ನು ನೇರವಾಗಿ ಗುಟುಕರಿಸಬಲ್ಲ ಕೊರವ ಮೀನುಗಳು ಮಾತ್ರ ಆರೋಗ್ಯವಾಗಿ ಓಡಾಡುತ್ತಿದ್ದರೆ, ಆ ಕೆರೆಯ ನೀರಿನಲ್ಲಿ ಆಮ್ಲಜನಕವೇ ಇರಲಿಲ್ಲವೆಂದು ಕೊರವ ಮೀನೇ ಸಾಕ್ಷಿ ಹೇಳಿದಂತಾಯಿತು. ಸಣ್ಣ ಮರಿಗಳು ಮೊದಲು ಸತ್ತು ದೊಡ್ಡವು ಆಮೇಲೆ ಸತ್ತಿದ್ದರೆ, ಅಥವಾ ಮೀನಿನ ಜೊತೆಗೆ ಕಪ್ಪೆ, ಏಡಿ, ನೀರಿನ ಕೀಟಗಳೂ ಸತ್ತಿದ್ದರೆ, ಆಗ ವಿಷದ ಮಾತನ್ನು ಗಂಭೀರವಾಗಿ ಪರಿಗಣಿಸಬೇಕು. ಕಿವಿರುಗಳ ಬಣ್ಣವನ್ನೂ ನೋಡಿ. ಅವು ಕೆಂಪಾಗಿರದೆ ಕಂದು ಬಣ್ಣಕ್ಕೆ ತಿರುಗಿದ್ದರೆ, ನೀರಿನಲ್ಲಿ ನೈಟ್ರೈಟ್ ಎಂಬ ಸಾರಜನಕದ ಸಂಯುಕ್ತ ಹೆಚ್ಚಾಗಿ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡಿದೆ ಎಂದು ಊಹಿಸಬಹುದು.

ಆಮ್ಲಜನಕದ ಜಮಾ ಖರ್ಚು

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿ ಕರಗಿಸಿಟ್ಟುಕೊಳ್ಳುವುದು ಸುಮಾರು 7.5 ಮಿಲಿಗ್ರಾಂ ಅಷ್ಟೆ. 20 ಡಿಗ್ರಿಯಲ್ಲಿ ಅದು 9 ಮಿಲಿಗ್ರಾಂ ಆಗುತ್ತದೆ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರುಗಳಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಈ ಪ್ರಮಾಣ ಇನ್ನೂ ಹತ್ತನೇ ಒಂದರಷ್ಟು ಇಳಿಯುತ್ತದೆ. ಮೀನುಗಳ ಬದುಕಿಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಬೇಸಿಗೆಯಲ್ಲಿ ನೀರು ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠಕ್ಕೂ ಮೀನಿಗೆ ಬೇಕಾದ ಕನಿಷ್ಠಕ್ಕೂ ನಡುವೆ ಉಳಿಯುವ ಅಂತರ ಎಷ್ಟು ಕಿರಿದೆಂಬುದನ್ನು ವಿದ್ಯಾರ್ಥಿಗಳೇ ಕಳೆದು ನೋಡಲಿ.

ಈ ಲೆಕ್ಕದಲ್ಲಿ ಜಮೆಯ ಬಾಬತ್ತು ಎರಡು: ಗಾಳಿಯಿಂದ ನೀರಿನ ಮೇಲ್ಮೈಯ ಮೂಲಕ ಕರಗಿ ಬರುವುದು, ಮತ್ತು ಹಗಲಿನಲ್ಲಿ ಪಾಚಿ ಹಾಗೂ ನೀರೊಳಗಿನ ಸಸ್ಯಗಳು ದ್ಯುತಿಸಂಶ್ಲೇಷಣೆಯಿಂದ ಬಿಡುಗಡೆ ಮಾಡುವುದು. ಖರ್ಚಿನ ಬಾಬತ್ತುಗಳು ಹೆಚ್ಚು. ಮೀನುಗಳು ಉಸಿರಾಡುತ್ತವೆ, ಪಾಚಿಯೂ ಹಗಲುರಾತ್ರಿ ಉಸಿರಾಡುತ್ತದೆ, ಕೊಳೆತ ಎಲೆ, ಚರಂಡಿಯ ಕಶ್ಮಲ, ಸತ್ತ ಪಾಚಿ ಇವುಗಳನ್ನು ವಿಘಟಿಸುವ ಬ್ಯಾಕ್ಟೀರಿಯಾಗಳು ಇವೆಲ್ಲಕ್ಕಿಂತ ಹೆಚ್ಚು ಆಮ್ಲಜನಕವನ್ನು ನುಂಗಬಲ್ಲವು. ಸೂರ್ಯ ಮುಳುಗಿದ ಮೇಲೆ ಜಮೆಯ ದೊಡ್ಡ ಬಾಬತ್ತು ನಿಂತುಹೋಗುತ್ತದೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಆಮ್ಲಜನಕ ರಾತ್ರಿಯಿಡೀ ಇಳಿಯುತ್ತ ಹೋಗಿ ನಸುಕಿನ ಹೊತ್ತಿಗೆ ತಳ ಮುಟ್ಟುತ್ತದೆ. ಪಾಚಿ ದಟ್ಟವಾಗಿರುವ ಕೆರೆಯಲ್ಲಿ ಮಧ್ಯಾಹ್ನ ಲೀಟರಿಗೆ 12 ಮಿಲಿಗ್ರಾಂ ದಾಟಿದ್ದ ಪ್ರಮಾಣ ನಸುಕಿನಲ್ಲಿ 2ಕ್ಕಿಂತ ಕೆಳಗೆ ಬರುವುದುಂಟು. ಮಧ್ಯಾಹ್ನ ಮಾತ್ರ ನೀರು ಪರೀಕ್ಷಿಸಿದವರು ಈ ಕೆರೆ ಬಹಳ ಆರೋಗ್ಯವಾಗಿದೆಯೆಂದು ವರದಿ ಬರೆದುಬಿಡುತ್ತಾರೆ. ಈ ಬಗೆಯ ತಪಾಸಣೆಯಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ. ಆದ್ದರಿಂದ ಅಳತೆಯನ್ನು ಸೂರ್ಯೋದಯಕ್ಕೆ ಮುನ್ನ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಒಮ್ಮೆ, ಒಂದೇ ಜಾಗದಲ್ಲಿ ಮತ್ತು ಒಂದೇ ಆಳದಲ್ಲಿ ಮಾಡಬೇಕು.

ಆಮ್ಲಜನಕದ ಮೀಟರ್ ಇಲ್ಲದ ಶಾಲೆಯಲ್ಲೂ ಸ್ಥೂಲವಾದ ಪರೀಕ್ಷೆಯೊಂದನ್ನು ಮಾಡಬಹುದು. ಬಿಗಿಯಾದ ಮುಚ್ಚಳವಿರುವ ಗಾಜಿನ ಸೀಸೆಯನ್ನು ನೀರಿನೊಳಗೆ ಮುಳುಗಿಸಿ, ಒಂದು ಗಾಳಿಗುಳ್ಳೆಯೂ ಉಳಿಯದಂತೆ ತುಂಬಿಕೊಳ್ಳಬೇಕು. ಬಳಿಕ ಶಿಕ್ಷಕರು ಕೈಗವಸು ಧರಿಸಿ ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಕ್ಷಾರೀಯ ಪೊಟ್ಯಾಸಿಯಂ ಅಯೋಡೈಡ್ ದ್ರಾವಣವನ್ನೂ ಸೇರಿಸಿ ಮುಚ್ಚಿ ಅಲುಗಿಸುತ್ತಾರೆ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಕೆಳಗಿಳಿಯುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ನಿಖರ ಪ್ರಮಾಣ ತಿಳಿಯಲು ಇದನ್ನು ಮುಂದುವರಿಸಿ ಆಮ್ಲ ಸೇರಿಸಿ ಅಳೆಯುವ ವಿಧಾನವಿದೆ, ಅದನ್ನು ಪ್ರಯೋಗಾಲಯಕ್ಕೇ ಬಿಡುವುದು ಒಳ್ಳೆಯದು. ನಸುಕಿನ ಸೀಸೆ ಬಿಳಿ, ಮಧ್ಯಾಹ್ನದ ಸೀಸೆ ಕಂದು ಎಂಬಷ್ಟು ತಿಳಿದರೂ ನಮ್ಮ ಹುಡುಕಾಟ ಮುಂದೆ ಹೋಗಲು ಸಾಕು.

ಖರ್ಚು ಮಾಡುತ್ತಿರುವವರು ಯಾರು?

ನಸುಕಿನಲ್ಲಿ ಆಮ್ಲಜನಕ ಕುಸಿಯುತ್ತಿದೆ ಎಂದು ಖಚಿತವಾದ ಮೇಲೆ, ಅದನ್ನು ಬಳಸುತ್ತಿರುವುದು ನೀರಿನಲ್ಲಿ ತೇಲುವ ಜೀವಿಗಳೋ ತಳದ ಹೂಳೋ ಎಂದು ಬೇರ್ಪಡಿಸಬೇಕು. ಇದಕ್ಕೆ ಬೇಕಾದದ್ದು ಒಂದೇ ಅಳತೆಯ ಕೆಲವು ಗಾಜಿನ ಸೀಸೆಗಳು. ಬೆಳಿಗ್ಗೆ ಒಂದೇ ಬಕೆಟ್ ನೀರಿನಿಂದ ಮೂರು ಸೀಸೆ ತುಂಬಿಸಿ, ಒಂದರ ಆಮ್ಲಜನಕವನ್ನು ಕೂಡಲೇ ಅಳೆಯಿರಿ. ಎರಡನೆಯದನ್ನು ಹಾಗೆಯೇ, ಮೂರನೆಯದಕ್ಕೆ ಬೆಳಕು ತೂರದಂತೆ ಕಪ್ಪು ಬಟ್ಟೆಯನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ಸುತ್ತಿ, ಎರಡನ್ನೂ ದಡದಿಂದ ಹಗ್ಗ ಕಟ್ಟಿ ಮೊಳದಷ್ಟು ಆಳದಲ್ಲಿ ಮೂರು ನಾಲ್ಕು ಗಂಟೆ ತೂಗುಬಿಡಿ. ಇಲ್ಲಿ ಮೀಟರ್ ಇರಲೇಬೇಕು. ಬಣ್ಣ ನೋಡಿ ಹೇಳುವ ಪರೀಕ್ಷೆ ಸಾಲದು.

ಆಮೇಲೆ ಅಳೆದಾಗ, ಮೊದಲ ಸೀಸೆಗಿಂತ ಕತ್ತಲ ಸೀಸೆಯಲ್ಲಿ ಎಷ್ಟು ಇಳಿಯಿತೋ ಅಷ್ಟು ಆ ನೀರಿನಲ್ಲಿರುವ ಎಲ್ಲ ಜೀವಿಗಳ ಉಸಿರಾಟದ ಖರ್ಚು. ಬೆಳಕಿನ ಸೀಸೆಯಲ್ಲಿ ಏರಿದ್ದು, ಅಷ್ಟು ಖರ್ಚಾದ ಮೇಲೂ ಪಾಚಿ ಉಳಿಸಿಕೊಟ್ಟದ್ದು. ಬೆಳಕಿನ ಸೀಸೆ ಬಹಳ ಏರಿ ಕತ್ತಲ ಸೀಸೆಯೂ ಗಣನೀಯವಾಗಿ ಇಳಿದರೆ, ಹಗಲು ದಾನಿಯಾಗಿ ರಾತ್ರಿ ಸಾಲಗಾರನಾಗುವ ದಟ್ಟ ಪಾಚಿಯೇ ಮುಖ್ಯ ಪಾತ್ರಧಾರಿ. ಬೆಳಕಿನಲ್ಲೂ ಏರಿಕೆಯಿಲ್ಲದೆ ಎರಡೂ ಸೀಸೆಗಳು ಇಳಿದರೆ, ನೀರಿನಲ್ಲಿ ಕೊಳೆಯುವ ವಸ್ತು ಹೆಚ್ಚಾಗಿದೆ. ಆಗ ರಾಜಕಾಲುವೆ ಬಂದು ಸೇರುವ ಬಾಯಿಯಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡಿ. ಅಲ್ಲಿಯ ಕತ್ತಲ ಸೀಸೆ ಕೆರೆಯ ನಡುವಿನದಕ್ಕಿಂತ ಬೇಗ ಬರಿದಾದರೆ ಕಶ್ಮಲ ಬರುತ್ತಿರುವ ದಾರಿ ಸಿಕ್ಕಂತಾಯಿತು.

ಮೂರನೆಯ ಫಲಿತಾಂಶವೊಂದಿದೆ, ನನಗೆ ಇದೇ ಹೆಚ್ಚು ಕುತೂಹಲಕರ. ಕತ್ತಲ ಸೀಸೆಯಲ್ಲಿ ಇಳಿಕೆ ಅಲ್ಪವಾಗಿದ್ದು, ಕೆರೆಯಲ್ಲಿ ಮಾತ್ರ ರಾತ್ರಿಯ ಕುಸಿತ ಭಾರಿಯಾಗಿದ್ದರೆ ಏನು ಅರ್ಥ? ಸೀಸೆಯೊಳಗೆ ಕೆರೆಯ ನೀರಿದೆ, ಪಾಚಿಯಿದೆ, ತೇಲುವ ಬ್ಯಾಕ್ಟೀರಿಯಾಗಳಿವೆ. ಹೂಳು ಇಲ್ಲ, ಮೀನಿಲ್ಲ. ಹಾಗಿದ್ದರೆ ಸೀಸೆಯಲ್ಲಿ ಇಲ್ಲದ್ದೇ ಕೆರೆಯಲ್ಲಿ ಆಮ್ಲಜನಕವನ್ನು ಬಳಸುತ್ತಿದೆ. ಮೀನಿನ ಸಾಂದ್ರತೆ ಅತಿಯಾಗಿಲ್ಲದಿದ್ದರೆ ಉಳಿಯುವುದು ಹೂಳು.

ಹೂಳಿನ ಅನುಮಾನ ಬಂದಾಗ ದಡದಿಂದ ಉದ್ದ ಕೋಲಿನಿಂದ ತಳವನ್ನು ಕೆದಕಿ ನೋಡಬೇಕು. ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ, ಮೇಲೇಳುವ ಗುಳ್ಳೆಗಳು ಇದ್ದರೆ ಅಲ್ಲಿ ಆಮ್ಲಜನಕ ಎಂದೋ ಮುಗಿದಿದ್ದು, ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಿವೆ. ಬಲೆಯಲ್ಲಿ ಎತ್ತಿದ ಕೆಸರಿನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ಸಿಕ್ಕರೆ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ; ಸಿಕ್ಕಿದ್ದೆಲ್ಲ ರಕ್ತದಂತೆ ಕೆಂಪಗಿರುವ ಸಣ್ಣ ಹುಳುಗಳೇ ಆದರೆ ಕೆಟ್ಟಿದೆ. ಆ ಹುಳುಗಳ ಕೆಂಪು ಬಣ್ಣ ಹಿಮೋಗ್ಲೋಬಿನ್‌ನದು, ಅಲ್ಪಸ್ವಲ್ಪ ಆಮ್ಲಜನಕವನ್ನೂ ಹಿಡಿದಿಟ್ಟುಕೊಳ್ಳಲು ಅದು ನೆರವಾಗುತ್ತದೆ. ಸೊಳ್ಳೆಯ ಮರಿಗಳಿಂದ ಯಾವ ತೀರ್ಮಾನಕ್ಕೂ ಬರಬೇಡಿ, ಅವು ಕೊಳವೆಯ ಮೂಲಕ ಗಾಳಿಯನ್ನೇ ಉಸಿರಾಡುವುದರಿಂದ ನೀರಿನ ಆಮ್ಲಜನಕ ಅವಕ್ಕೆ ಲೆಕ್ಕವಿಲ್ಲ.

ಮೊದಲ ಮಳೆಯ ಮರುದಿನ ಮೀನು ಸಾಯುವುದಕ್ಕೂ ಹೂಳಿಗೂ ನಂಟಿದೆ. ಬಿರುಬಿಸಿಲಿನ ದಿನಗಳಲ್ಲಿ ಮೇಲಿನ ಬಿಸಿನೀರು ಹಗುರವಾಗಿ ಮೇಲೆಯೇ ಉಳಿದು, ತಳದ ತಂಪು ನೀರು ಗಾಳಿಯ ಸಂಪರ್ಕವಿಲ್ಲದೆ ಆಮ್ಲಜನಕವನ್ನು ಕಳೆದುಕೊಂಡಿರುತ್ತದೆ. ತಂಪಾದ ಮಳೆನೀರು ಸುರಿದು ಬಿರುಗಾಳಿ ಬೀಸಿದಾಗ ಮೇಲು ಕೆಳಗಾಗಿ ಎಲ್ಲವೂ ಬೆರೆಯುತ್ತದೆ, ಚರಂಡಿಗಳಲ್ಲಿ ಬೇಸಿಗೆಯಿಡೀ ಕೂತಿದ್ದ ಕೊಳಕು ಕೊಚ್ಚಿ ಬರುತ್ತದೆ, ಮೋಡ ಕವಿದು ಪಾಚಿಯ ಉತ್ಪಾದನೆಯೂ ತಗ್ಗುತ್ತದೆ. ಇವುಗಳಲ್ಲಿ ಒಂದೊಂದೇ ಆಗಿದ್ದರೆ ಕೆರೆ ತಾಳಿಕೊಳ್ಳುತ್ತಿತ್ತೇನೋ. ಮೂರೂ ಒಂದೇ ರಾತ್ರಿ ಕೂಡಿಬಂದಾಗ ತಾಳುವುದಿಲ್ಲ.

ನೀರು ಇಷ್ಟು ಹಸಿರಾದದ್ದು ಏಕೆ?

ಪಾಚಿಯೇ ಕಾರಣವೆಂದು ಸೀಸೆಗಳು ಹೇಳಿದರೆ ಅಲ್ಲಿಗೆ ನಿಲ್ಲಬಾರದು, ಏಕೆಂದರೆ ಪಾಚಿಯೂ ಒಂದು ಲಕ್ಷಣವೇ. ದಟ್ಟಣೆಯನ್ನು ಅಳೆಯಲು 20 ಸೆಂಟಿಮೀಟರ್ ಅಗಲದ ತಟ್ಟೆಯೊಂದಕ್ಕೆ ಕಪ್ಪು ಬಿಳಿ ಕಾಲುಭಾಗಗಳನ್ನು ಬಳಿದು, ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಸಬೇಕು. ಇಟಲಿಯ ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಇದೇ ಬಗೆಯ ಬಿಳಿ ತಟ್ಟೆಯನ್ನು ಬಳಸಿದರು. ಇಂದಿಗೂ ಇದಕ್ಕಿಂತ ಅಗ್ಗದ ಸಾಧನವಿಲ್ಲ. ತಟ್ಟೆ 30 ಸೆಂಟಿಮೀಟರ್ ಆಳಕ್ಕೂ ಮೊದಲೇ ಕಣ್ಮರೆಯಾದರೆ ಮತ್ತು ನೀರಿನ ಬಣ್ಣ ಮಣ್ಣಿನದಾಗಿರದೆ ಹಸಿರಾಗಿದ್ದರೆ ಪಾಚಿ ಅಪಾಯದ ಮಟ್ಟ ಮುಟ್ಟಿದೆ. ಹಿಂದಿನ ವಾರ ಕಡುಹಸಿರಾಗಿದ್ದ ನೀರು ಇದ್ದಕ್ಕಿದ್ದಂತೆ ಕಂದು ಬೂದು ಬಣ್ಣಕ್ಕೆ ತಿರುಗಿದ್ದರೆ ಪಾಚಿ ಒಟ್ಟಿಗೆ ಸತ್ತಿದೆ. ಜಮೆ ನಿಂತು ಕೊಳೆಯುವಿಕೆಯ ಖರ್ಚು ಏಕಕಾಲಕ್ಕೆ ಏರಿದೆ.

ಪಾಚಿ ಮಿತಿಮೀರಲು ಎರಡು ದಾರಿಗಳಿವೆ: ಅದಕ್ಕೆ ಆಹಾರ ಹೆಚ್ಚಾಗಿರಬೇಕು, ಇಲ್ಲವೇ ಅದನ್ನು ತಿನ್ನುವವರು ಕಡಿಮೆಯಾಗಿರಬೇಕು. ಆಹಾರದ ವಿಷಯದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1973ರಲ್ಲಿ ನಡೆದ ಪ್ರಯೋಗ ಕಣ್ಣಿಗೆ ಕಟ್ಟುವಂತಿದೆ. ವಿಜ್ಞಾನಿಗಳು 226 ಎಂಬ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಭಾಗಗಳಿಗೆ ಇಂಗಾಲ ಮತ್ತು ಸಾರಜನಕವನ್ನು ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಮಾತ್ರ ಹಸಿರು ಗಂಜಿಯಂತಾಯಿತು. ನಮ್ಮ ಕೆರೆಗಳಿಗೆ ರಂಜಕ ಬರುವುದು ಮುಖ್ಯವಾಗಿ ಮಲಮೂತ್ರದ ಚರಂಡಿಯಿಂದ, ಬಟ್ಟೆ ತೊಳೆಯುವ ಪುಡಿಗಳಿಂದ, ಹೊಲಗಳ ಗೊಬ್ಬರದಿಂದ. ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಎದ್ದು ರಸ್ತೆಗೆ ಹಾರುತ್ತಿದ್ದ ನೊರೆಯನ್ನು ಕಂಡವರು ಚರಂಡಿ ನೀರು ಕೆರೆಗೆ ಏನೇನು ಹೊತ್ತು ತರುತ್ತದೆಂದು ಊಹಿಸಬಲ್ಲರು. ಆದರೆ ನೊರೆಗೂ ಹಸಿರಿಗೂ ಕಾರಣವಾಗುವ ವಸ್ತುಗಳು ಬೇರೆ ಬೇರೆ. ನೊರೆಯಿಲ್ಲವೆಂದ ಮಾತ್ರಕ್ಕೆ ರಂಜಕವಿಲ್ಲವೆಂದು ತಿಳಿಯಬಾರದು.

ರಂಜಕ ಮತ್ತು ಹೂಳಿನ ನಡುವಿನ ಸಂಬಂಧವನ್ನು ಶಿಕ್ಷಕರು ಸ್ವಲ್ಪ ನಿಧಾನವಾಗಿ ವಿವರಿಸುವುದು ಒಳ್ಳೆಯದು. ತಳದಲ್ಲಿ ಆಮ್ಲಜನಕವಿರುವ ತನಕ ಹೂಳಿನಲ್ಲಿರುವ ಕಬ್ಬಿಣದ ಸಂಯುಕ್ತಗಳು ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತವೆ. ಆಮ್ಲಜನಕ ಮುಗಿದಾಗ ಆ ಹಿಡಿತ ಸಡಿಲವಾಗಿ ರಂಜಕ ಮತ್ತೆ ನೀರಿಗೆ ಬರುತ್ತದೆ, ಅದರಿಂದ ಇನ್ನಷ್ಟು ಪಾಚಿ ಬೆಳೆಯುತ್ತದೆ, ಅದು ಸತ್ತು ತಳ ಸೇರಿ ಕೊಳೆತು ಇನ್ನಷ್ಟು ಆಮ್ಲಜನಕವನ್ನು ಕಸಿಯುತ್ತದೆ. ಚರಂಡಿಯನ್ನು ಪೂರ್ತಿ ತಡೆದ ಮೇಲೂ ಕೆಲವು ಕೆರೆಗಳು ವರ್ಷಗಟ್ಟಲೆ ಹಸಿರಾಗಿಯೇ ಉಳಿಯುವುದು ಇದರಿಂದಲೇ.

ತಿನ್ನುವವರ ಕಡೆ ನೋಡಲು ತೆಳುವಾದ ಬಿಳಿ ಬಟ್ಟೆಯಲ್ಲಿ ಹತ್ತಾರು ಲೀಟರ್ ನೀರನ್ನು ಸೋಸಿ, ಉಳಿದುದನ್ನು ಭೂತಗನ್ನಡಿಯಲ್ಲಿ ಪರಿಶೀಲಿಸಿ. ಕುಪ್ಪಳಿಸುತ್ತ ಈಜುವ ನೀರುಚಿಗಟಗಳು ಪಾಚಿಯನ್ನು ಸೋಸಿ ತಿನ್ನುತ್ತವೆ. ಕಾಟ್ಲಾದಂತಹ ಮೀನುಗಳು ಈ ನೀರುಚಿಗಟಗಳನ್ನು ತಿನ್ನುತ್ತವೆ. ಗುತ್ತಿಗೆ ಹಿಡಿದವರು ಇಳುವರಿಯ ಆಸೆಗೆ ಮರಿಗಳನ್ನು ಅತಿಯಾಗಿ ಬಿಟ್ಟರೆ ನೀರುಚಿಗಟ ಬರಿದಾಗಿ ಪಾಚಿಗೆ ಕಡಿವಾಣವೇ ಇಲ್ಲದಂತಾಗುತ್ತದೆ. ಕೊನೆಗೆ ಆ ಪಾಚಿಯೇ ರಾತ್ರಿ ಉಸಿರು ಕಸಿದು ಅದೇ ಮೀನುಗಳನ್ನು ಕೊಲ್ಲುತ್ತದೆ. ತಳ ಕೆದಕುವ ಸಾಮಾನ್ಯ ಗೆಂಡೆ ಹೆಚ್ಚಿದ್ದರೆ ಹೂಳಿನ ರಂಜಕವೂ ಮೇಲೆ ಬರುತ್ತದೆ. ಆದರೆ ಪಾಚಿ ನೀಲಿಹಸಿರು ಜಾತಿಯದಾಗಿದ್ದು ಮುದ್ದೆಮುದ್ದೆಯಾಗಿ ಕೂಡಿಕೊಂಡಿದ್ದರೆ ನೀರುಚಿಗಟಗಳೂ ಅದನ್ನು ತಿನ್ನಲಾರವು. ಅಂತಹ ಕಡೆ ನೀರುಚಿಗಟಗಳ ಸಂಖ್ಯೆಯಿಂದ ಏನನ್ನೂ ನಿರ್ಧರಿಸಲಾಗದು.

ನಸುಕಿನ ಅಳತೆ ಸರಿಯಿದ್ದರೆ

ನಸುಕಿನಲ್ಲೂ ಆಮ್ಲಜನಕ 4 ಮಿಲಿಗ್ರಾಂಗಿಂತ ಮೇಲಿದ್ದರೆ ಮಧ್ಯಾಹ್ನ, ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯವೆಂದು ತೋರಿಸುವ ಪಿಎಚ್ ಕಾಗದವನ್ನು ಅದ್ದಿ ನೋಡಿ. ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಅನ್ನು ಹೀರಿಕೊಂಡಂತೆ ನೀರು ಕ್ಷಾರೀಯವಾಗುತ್ತದೆ, ಅಂದರೆ ಪಿಎಚ್ ಏರುತ್ತದೆ. 30 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಮುಕ್ತ ರೂಪ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಪಿಎಚ್ 9 ತಲುಪಿದಾಗ ಅದು ನೂರರಲ್ಲಿ ನಲವತ್ತು ಭಾಗವನ್ನೂ ಮೀರುತ್ತದೆ. ಅಂದರೆ ಹೊಸದಾಗಿ ಒಂದು ಹನಿ ಅಮೋನಿಯಾ ಬಾರದೆಯೇ, ಬೆಳಿಗ್ಗೆ ನಿರುಪದ್ರವಿಯಾಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಮಾರಕವಾಗಬಹುದು.

ಇದೂ ಅಲ್ಲವಾದರೆ ನೀರನ್ನೂ ಈಗಷ್ಟೇ ಸತ್ತ ಮೀನನ್ನೂ ಬೇರೆ ಬೇರೆಯಾಗಿ ಸಂಗ್ರಹಿಸಿ, ಮಂಜುಗಡ್ಡೆಯಲ್ಲಿಟ್ಟು ಮೀನುಗಾರಿಕೆ ಇಲಾಖೆಗೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹಿರಿಯರ ಮೂಲಕ ತಲುಪಿಸಬೇಕು. ಕೀಟನಾಶಕ ಅಥವಾ ಕಾರ್ಖಾನೆಯ ತ್ಯಾಜ್ಯವನ್ನು ಗುರುತಿಸುವುದು ಶಾಲೆಯ ಕೈಲಾಗುವ ಕೆಲಸವಲ್ಲ.

ದುರಸ್ತಿ

ಆಮ್ಲಜನಕದ ಕೊರತೆಯೆಂದು ತಿಳಿದ ತಕ್ಷಣ ಸತ್ತ ಮೀನುಗಳನ್ನು ತೆಗೆಸಬೇಕು, ಮೀನಿಗೆ ಮೇವು ಹಾಕುವುದನ್ನು ನಿಲ್ಲಿಸಬೇಕು, ಡೀಸೆಲ್ ಪಂಪಿನಿಂದ ಮೇಲ್ಪದರದ ನೀರನ್ನೇ ಎತ್ತಿ ಗಾಳಿಯಲ್ಲಿ ಚಿಮ್ಮಿಸಿ ಮತ್ತೆ ಕೆರೆಗೆ ಬೀಳಿಸಬೇಕು. ಇದನ್ನು ನಡುರಾತ್ರಿಯಿಂದ ಸೂರ್ಯೋದಯದವರೆಗೆ ಮಾಡಿದರೆ ಪ್ರಯೋಜನ ಹೆಚ್ಚು. ಪಂಪಿನ ಹೀರುಕೊಳವೆ ತಳದ ಕೆಸರಿಗೆ ತಾಗಬಾರದು. ಪಾಚಿಯನ್ನು ಕೊಲ್ಲಲು ಮೈಲುತುತ್ತ ಹಾಕುವ ಸಲಹೆ ಬಂದರೆ ಒಪ್ಪಬೇಡಿ. ಟನ್ನುಗಟ್ಟಲೆ ಪಾಚಿ ಒಂದೇ ದಿನ ಸತ್ತು ಕೊಳೆತರೆ ಉಳಿದ ಮೀನುಗಳೂ ಹೋಗುತ್ತವೆ. ನೀರನ್ನು ಹಾಸಿದಂತೆ ಮುಚ್ಚಿದ ಕಳೆಸಸ್ಯವನ್ನು ತೆಗೆಯುವಾಗಲೂ ದಡದಲ್ಲಿ ರಾಶಿ ಹಾಕದೆ ದೂರ ಸಾಗಿಸಬೇಕು. ದಡದಲ್ಲಿ ಕೊಳೆತದ್ದರ ರಸ ಮಳೆಯೊಂದಿಗೆ ಮತ್ತೆ ಕೆರೆಗೇ ಇಳಿಯುತ್ತದೆ.

ಶಾಶ್ವತ ದುರಸ್ತಿ ಕೆರೆಯ ಹೊರಗೇ ಆರಂಭವಾಗಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ಚರಂಡಿ ನೀರನ್ನು ನೇರವಾಗಿ ಬಿಡದೆ, ಆಪು ಮತ್ತಿತರ ಜೌಗು ಗಿಡಗಳು ಬೆಳೆದ ತಾಣದ ಮೂಲಕ ಹಾಯಿಸಿ ಕೆರೆಗೆ ಸೇರಿಸುವ ವ್ಯವಸ್ಥೆಯಿದೆ. ಅಲ್ಲಿ ಗಿಡಗಳು ಮತ್ತು ಅವುಗಳ ಬೇರುಗಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಸಾರಜನಕ ಮತ್ತು ರಂಜಕದ ಒಂದು ಪಾಲನ್ನು ತಡೆಯುತ್ತವೆ. ಬೆಳೆದ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕದಿದ್ದರೆ ಅವು ಅಲ್ಲಿಯೇ ಸತ್ತು, ಹಿಡಿದದ್ದನ್ನೆಲ್ಲ ನೀರಿಗೆ ಮರಳಿಸುತ್ತವೆ. ಹೂಳೆತ್ತುವುದಾದರೆ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಎತ್ತುವುದೇ ಸರಿ. ನೀರಿರುವಾಗ ಕೆದಕಿದರೆ ತಳದಲ್ಲಿದ್ದ ತೊಂದರೆ ಮೇಲಕ್ಕೆ ಬರುತ್ತದೆ.

ದುರಸ್ತಿಯಾಯಿತೆಂದು ದಾಖಲಿಸುವ ಮುನ್ನ ಅಳತೆಯ ದಿನವನ್ನು ಎಚ್ಚರದಿಂದ ಆರಿಸಬೇಕು. ಬಿಸಿಲು ಚೆನ್ನಾಗಿದ್ದು ಗಾಳಿ ಬೀಸುವ ದಿನ ಎಂತಹ ಕೆರೆಯೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಎರಡು ಮೂರು ದಿನ ಸತತವಾಗಿ ಮೋಡ ಕವಿದು ಗಾಳಿ ಸ್ತಬ್ಧವಾಗಿದ್ದ ಮೇಲೆ ಬರುವ ನಸುಕಿನಲ್ಲಿ, ಕಾಲುವೆಯ ಬಾಯಿ, ಕೆರೆಯ ನಡುಭಾಗ ಮತ್ತು ತೂಬಿನ ಬಳಿ ಹೀಗೆ ಮೂರೂ ಕಡೆ ಆಮ್ಲಜನಕ 4 ಮಿಲಿಗ್ರಾಂಗಿಂತ ಕೆಳಗೆ ಇಳಿಯದಿದ್ದರೆ ಪ್ರಕರಣವನ್ನು ಮುಕ್ತಾಯಗೊಳಿಸಬಹುದು. ಮೂರರಲ್ಲಿ ಒಂದು ಕಡೆ ಕೆಳಗಿದ್ದರೂ ಆ ಜಾಗದ ನೀರಿನಿಂದ ಸೀಸೆಗಳ ಪರೀಕ್ಷೆಯನ್ನು ಮತ್ತೆ ಆರಂಭಿಸಬೇಕು.